ದೊಡ್ಡಪ್ಪ ಬಂದಿದ್ದಾರೆ, ಟೀಚರ್!

2011ರ ಒಂದು ಗುರುವಾರ. ಮಧ್ಯಾಹ್ನದ ಬಿಡುವು ಮುಗಿದು ಮೂರನೆಯ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತು ಸಲಾಮ್ ಹೇಳಿದರು. ನಾನು ತಲೆ ಎತ್ತುವ ಮೊದಲೇ ಎರಡನೆಯ ಬೆಂಚಿನ ಹುಡುಗಿ ಎದ್ದು ಓಡಿದಳು. "ದೊಡ್ಡಪ್ಪ ಬಂದಿದ್ದಾರೆ, ಟೀಚರ್!" ಎಂದು ಅವರ ಕೈ ಹಿಡಿದುಕೊಂಡಳು. ಅಜ್ಜಿಗೆ ಹುಷಾರಿಲ್ಲ, ಮೊಮ್ಮಗಳನ್ನು ನೋಡಬೇಕೆಂದು ಹಟ ಹಿಡಿದಿದ್ದಾರೆ, ಸಂಜೆ ತಾಯಿಯ ಮನೆಗೆ ಬಿಟ್ಟು ಬರುತ್ತೇನೆ ಎಂದರು ಆತ. ಮಗು ನಗುತ್ತಿತ್ತು. ನಾನೇ ಅವಳ ಬ್ಯಾಗು ತೆಗೆದುಕೊಟ್ಟು ಕಳುಹಿಸಿದೆ.

ನಾಲ್ಕು ಗಂಟೆಗೆ ತಾಯಿ ಬಂದಳು. ತಲಾಕ್ ಆಗಿ ಆರು ತಿಂಗಳಾಗಿತ್ತೆಂಬುದು ನನಗೆ ಗೊತ್ತಿತ್ತು. ಜೀವನಾಂಶದ ಮೊಕದ್ದಮೆ ನಡೆಯುತ್ತಿದೆ, ಮಗುವಿನ ತಂದೆ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾನೆ ಎಂಬುದು ಗೊತ್ತಿರಲಿಲ್ಲ. "ಯಾರ ಜೊತೆ ಕಳಿಸಿದಿರಿ?" ಎಂದು ಆಕೆ ಕೇಳಿದಾಗ ಅವಳ ಮುಖದಲ್ಲಿ ಕಂಡದ್ದನ್ನು ನಾನು ಇಂದಿಗೂ ಮರೆತಿಲ್ಲ. ಆ ಮಗುವನ್ನು ತಾಯಿ ಮತ್ತೆ ನೋಡಿದ್ದು ಹನ್ನೊಂದು ತಿಂಗಳ ನಂತರ.

ಅದೇ ರಾತ್ರಿ ಆಕೆ ಠಾಣೆಗೆ ಹೋದಳು. ಸ್ವಂತ ತಂದೆ ಕರೆದುಕೊಂಡು ಹೋದರೆ ಮಗು ಕಾಣೆಯಾದಂತೆ ಹೇಗಾಗುತ್ತದೆ, ಮನೆಯಲ್ಲೇ ಬಗೆಹರಿಸಿಕೊಳ್ಳಿ ಎಂದರು. ಜಮಾಅತ್‌ನ ಹಿರಿಯರ ಮುಂದೆ ಆ ದೊಡ್ಡಪ್ಪ, ಮಗು ಎಲ್ಲಿದೆಯೆಂದು ತನಗೆ ತಿಳಿಯದು ಎಂದರು. ಊರವರಲ್ಲಿ ಹಲವರಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಅಪ್ಪನ ಬಳಿ ತಾನೇ ಇದೆ, ಅಪರಿಚಿತರ ಬಳಿ ಇಲ್ಲವಲ್ಲ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ನಿಜವೆಂದರೆ ತಂದೆ ರಜೆ ಮುಗಿಸಿ ಗಲ್ಫಿಗೆ ಮರಳಿದ್ದ. ಮಗು ಹೊರರಾಜ್ಯದಲ್ಲಿ, ಅವಳು ಹಿಂದೆಂದೂ ಕಂಡಿರದ ಸಂಬಂಧಿಕರ ಮನೆಯಲ್ಲಿತ್ತು. ಮೊಕದ್ದಮೆ ಹಿಂದೆಗೆದುಕೊಂಡರೆ ಮಗಳು ಸಿಗುತ್ತಾಳೆ ಎಂಬ ಸಂದೇಶ ಮಾತ್ರ ಆಗಾಗ ಬರುತ್ತಿತ್ತು.

ಸಹೋದರಿಯರೇ, ಮಕ್ಕಳ ಅಪಹರಣವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಿಠಾಯಿ ತೋರಿಸಿ ಕರೆಯುವ ಅಪರಿಚಿತ. ಅಪರಿಚಿತರೊಂದಿಗೆ ಹೋಗಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಪರಿಚಿತನೇ, ಪ್ರೀತಿಸುವವನೇ ಕೈ ಹಿಡಿದು ಕರೆದೊಯ್ದರೆ ಮಗು ಕೂಗುವುದಿಲ್ಲ, ನೋಡಿದವರಿಗೂ ಸಂಶಯ ಬರುವುದಿಲ್ಲ. ಯೂಸುಫ್(ಅ)ರ ಕಥೆಯನ್ನು ನಾವು ಎಷ್ಟು ಬಾರಿ ಓದಿದ್ದೇವೆ! ಆ ಬಾಲಕನನ್ನು ಕೊಂಡೊಯ್ದದ್ದು ದರೋಡೆಕೋರರಲ್ಲ, ಆಟಕ್ಕೆ ಕರೆದೊಯ್ಯುತ್ತೇವೆ, ನಾವು ಕಾಯುತ್ತೇವೆ ಎಂದು ತಂದೆಗೆ ಮಾತು ಕೊಟ್ಟ ಅಣ್ಣಂದಿರು. ಸಂಜೆ ಅಳುತ್ತಾ ಬಂದವರೂ ಅವರೇ. ಯಅ್‌ಕೂಬ್(ಅ)ರ ಕಣ್ಣುಗಳು ದುಃಖದಿಂದ ಬಿಳಿಚಿಹೋದುದನ್ನು ಕುರ್‌ಆನ್ ನಮಗೆ ತಿಳಿಸಿದೆ. ಪ್ರವಾದಿಯ ಸಹನೆಯೂ ಕಣ್ಣೀರನ್ನು ತಡೆಯಲಿಲ್ಲವೆಂದಾದರೆ ಸಾಮಾನ್ಯ ತಾಯಿಯ ಪಾಡೇನು?

ಇನ್ನೊಂದು ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ವಿಚ್ಛೇದಿತ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ಬಂದು, ತನಗೆ ಬಾವಿಯಿಂದ ನೀರು ತಂದುಕೊಡುವಷ್ಟು ಬೆಳೆದಿರುವ ಮಗನನ್ನು ಅವನ ತಂದೆ ಕೊಂಡೊಯ್ಯಲು ಬಯಸುತ್ತಿದ್ದಾನೆಂದು ದೂರಿದರು. ತಂದೆಯೂ ತನ್ನ ಹಕ್ಕನ್ನು ವಾದಿಸಿದ. ಪ್ರವಾದಿ(ಸ)ರು ಹುಡುಗನಿಗೆ ಇಬ್ಬರನ್ನೂ ತೋರಿಸಿ, ನಿನಗೆ ಬೇಕಾದವರ ಕೈ ಹಿಡಿ ಎಂದರು. ಅವನು ತಾಯಿಯ ಕೈ ಹಿಡಿದು ಹೊರಟುಹೋದ. ಇಲ್ಲಿ ಎಲ್ಲವೂ ಬಹಿರಂಗವಾಗಿ ನಡೆಯಿತು. ಇಬ್ಬರ ಮಾತನ್ನೂ ಕೇಳಲಾಯಿತು, ಮಗುವನ್ನೂ ಕೇಳಲಾಯಿತು. ಯಾರೂ ಮಗುವನ್ನು ಕದ್ದು ಬಚ್ಚಿಡಲಿಲ್ಲ.

ಮದ್ರಸದಲ್ಲಿ ಫಿಕ್‌ಹ್ ಓದುವಾಗ ಹಿಝಾನತ್, ಅಂದರೆ ಮಗುವಿನ ಲಾಲನೆಯ ಹಕ್ಕಿನ ಅಧ್ಯಾಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಹನಫೀ ಮದ್‌ಹಬಿನಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರಬೇಕು. ಶಾಫಿಈ ಮದ್‌ಹಬಿನಲ್ಲಿ ಸುಮಾರು ಏಳರ ವಿವೇಚನೆಯ ಪ್ರಾಯದವರೆಗೆ ತಾಯಿಯ ಬಳಿ, ನಂತರ ಮಗುವಿನ ಆಯ್ಕೆ. ಖರ್ಚಿನ ಹೊಣೆ ತಂದೆಯದು. ಮಗು ಯಾರ ಬಳಿ ಇದ್ದರೂ ಇನ್ನೊಬ್ಬರ ಭೇಟಿಯನ್ನು ತಡೆಯುವಂತಿಲ್ಲ. ನಮ್ಮ ಮಹಲ್ಲಾಗಳಲ್ಲಿ ತಲಾಕ್‌ನ ಮಾತುಕತೆ ನಡೆಯುವಾಗ ಮಹರ್, ಚಿನ್ನ, ಪಾತ್ರೆ ಎಲ್ಲದರ ಲೆಕ್ಕವಾಗುತ್ತದೆ. ಮಗುವಿನ ಬಗ್ಗೆ ಒಂದು ಸಾಲನ್ನಾದರೂ ಬರೆಯುವವರು ಎಷ್ಟು ಮಂದಿ?

ಇದು ಗಂಡಸರ ಮೇಲಿನ ದೂರು ಮಾತ್ರವಲ್ಲ. ತಂದೆಗೆ ತಿಳಿಸದೆ ಮಗುವನ್ನು ಎತ್ತಿಕೊಂಡು ಹೋಗಿ ವರ್ಷಗಟ್ಟಲೆ ಮುಖ ತೋರಿಸದ ತಾಯಂದಿರೂ ಇದ್ದಾರೆ. ಹಬ್ಬದ ದಿನ ಮಗನಿಗೆಂದು ಬಟ್ಟೆ ಹೊಲಿಸಿ, ಕೊಡಲಾಗದೆ ಮನೆಯಲ್ಲಿಟ್ಟುಕೊಂಡ ತಂದೆಯನ್ನೂ ನಾನು ಬಲ್ಲೆ. ಹೊಡೆತಕ್ಕೆ ಹೆದರಿ ಮಗುವಿನೊಂದಿಗೆ ಓಡಿಬರುವ ತಾಯಿಯ ವಿಷಯ ಬೇರೆ. ಅಂಥವಳು ಆಶ್ರಯ ಪಡೆದ ಕೂಡಲೇ ನ್ಯಾಯಾಲಯಕ್ಕೆ ಹೋಗುವುದು ಅವಳಿಗೂ ಮಗುವಿಗೂ ರಕ್ಷಣೆ.

ದೇಶದ ಗಡಿ ದಾಟಿದರೆ ಸಮಸ್ಯೆ ಇನ್ನೂ ಜಟಿಲ. 1986ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ವಾರಾಂತ್ಯದ ಭೇಟಿಗೆ ಅನುಮತಿಯಿದ್ದ ತಂದೆಯೊಬ್ಬ ಮಗನನ್ನು ಡೇ ಕೇರ್‌ನಿಂದ ಕರೆದುಕೊಂಡು ನೇರವಾಗಿ ಭಾರತಕ್ಕೆ, ಪುಣೆಗೆ ಬಂದುಬಿಟ್ಟ. ತಾಯಿ ನಮ್ಮ ಸುಪ್ರೀಂ ಕೋರ್ಟಿನ ಮೊರೆಹೊಕ್ಕಳು. ಅದೇ ವರ್ಷ ನ್ಯಾಯಾಲಯ ಮಗುವನ್ನು ತಾಯಿಗೆ ಒಪ್ಪಿಸಿತು. ಇಂಥ ಪ್ರಕರಣಗಳಿಗೆಂದೇ 1980ರಲ್ಲಿ ಹೇಗ್ ಒಪ್ಪಂದವಾಯಿತು. ಒಯ್ಯಲ್ಪಟ್ಟ ಮಗುವನ್ನು ಅದು ವಾಸವಿದ್ದ ದೇಶಕ್ಕೆ ಬೇಗನೆ ಮರಳಿಸಿ, ಅಲ್ಲಿನ ನ್ಯಾಯಾಲಯವೇ ತೀರ್ಮಾನಿಸಲಿ ಎಂಬುದು ಅದರ ಸಾರ. ತುರ್ಕಿ, ಮೊರೊಕ್ಕೊ ಅದಕ್ಕೆ ಸೇರಿವೆ, ಪಾಕಿಸ್ತಾನ 2016ರಲ್ಲಿ ಸೇರಿತು. ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ಶಿಫಾರಸು ಮಾಡಿತ್ತು. ಆದರೆ ವಿದೇಶದಲ್ಲಿ ಗಂಡನ ಹಿಂಸೆ ತಾಳದೆ ಮಗುವಿನೊಂದಿಗೆ ತವರಿಗೆ ಓಡಿಬರುವ ಹೆಣ್ಣುಮಕ್ಕಳ ಗತಿಯೇನು ಎಂಬ ಪ್ರಶ್ನೆಯೂ ಎದ್ದಿತು. ಅದು ನಿರ್ಲಕ್ಷಿಸುವಂಥ ಪ್ರಶ್ನೆಯಲ್ಲ. ವಿದೇಶದ ಆದೇಶಕ್ಕಿಂತ ಮಗುವಿನ ಹಿತವೇ ಮುಖ್ಯವೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ.

ನಮ್ಮಂಥ ಮನೆಗಳಿಗೆ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ನ್ಯಾಯಾಲಯದ ಆದೇಶವಿಲ್ಲದಿರುವಾಗ, ಸ್ವಾಭಾವಿಕ ಪಾಲಕನಾದ ತಂದೆಯ ಮೇಲೆ ಅಪಹರಣದ ಆರೋಪ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ಬೇರೆಯಾದ ಕೂಡಲೇ ಮಗುವಿನ ಸುಪರ್ದಿ ಮತ್ತು ಭೇಟಿಯ ದಿನಗಳನ್ನು ಬರೆದುಕೊಳ್ಳಿ. ಹಿರಿಯರ ಮುಂದೆ ಆದ ಮಾತನ್ನು ಅಷ್ಟಕ್ಕೇ ಬಿಡದೆ ನ್ಯಾಯಾಲಯದ ಆದೇಶವನ್ನಾಗಿ ಮಾಡಿಸಿಕೊಳ್ಳಿ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯಂತೆ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಮಗುವನ್ನು ಊರಿನಿಂದ, ದೇಶದಿಂದ ಹೊರಗೆ ಒಯ್ಯದಂತೆ ತಾತ್ಕಾಲಿಕ ಆದೇಶವನ್ನೂ ಕೇಳಬಹುದು. ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಮಗು ಎಲ್ಲಿದೆಯೆಂದೇ ತಿಳಿಯದಿದ್ದರೆ ಒಂದು ರಾತ್ರಿಯೂ ಕಾಯಬೇಡಿ. 112 ಅಥವಾ 1098ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. ಕಾಣೆಯಾದ ಮಗುವಿನ ದೂರು ಬಂದರೆ ಪ್ರಥಮ ವರ್ತಮಾನ ವರದಿ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ಆದೇಶಿಸಿದೆ. ಇದನ್ನು ಮೆಲ್ಲನೆ, ಆದರೆ ದೃಢವಾಗಿ ಹೇಳಿ. ಇತ್ತೀಚಿನ ಭಾವಚಿತ್ರ, ಜನನ ಪ್ರಮಾಣಪತ್ರದ ಪ್ರತಿ, ಕರೆದೊಯ್ದವರ ಫೋನ್ ನಂಬರ್, ಅವರ ಸಂಬಂಧಿಕರಿರುವ ಊರುಗಳು ಎಲ್ಲವನ್ನೂ ಒಂದು ಕಡೆ ಇಟ್ಟುಕೊಂಡಿರಿ. ಮಗುವನ್ನು ಕರೆದೊಯ್ಯಬಹುದಾದವರ ಹೆಸರನ್ನು ಶಾಲೆಗೂ ಮದ್ರಸಕ್ಕೂ ಬರೆದುಕೊಡಿ. ಮನೆ ಒಡೆದ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಅಂದು ನನಗೆ ಯಾರಾದರೂ ಒಂದು ಮಾತು ಹೇಳಿದ್ದರೆ, ಅಥವಾ ನಾನೇ ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು.

ಆ ಹುಡುಗಿ ಸಿಕ್ಕಿದ್ದು ಹೇಗೆ? ನ್ಯಾಯಾಲಯದ ನೋಟಿಸು ಮನೆಗೆ ಬಂತು. ಆದರೂ ವಿಳಾಸ ಹೊರಬಿದ್ದದ್ದು ಅವಳ ಅಜ್ಜಿಯಿಂದ. ಅಂದು ಹುಷಾರಿಲ್ಲವೆಂದು ಯಾರ ಹೆಸರಲ್ಲಿ ಸುಳ್ಳು ಹೇಳಲಾಗಿತ್ತೋ ಅದೇ ಅಜ್ಜಿ. ರಮಝಾನಿನ ಒಂದು ರಾತ್ರಿ ನಮಾಝ್ ಮುಗಿಸಿ ಎದ್ದು, ಒಬ್ಬ ತಾಯಿಯ ಕಣ್ಣೀರು ಮನೆಯಲ್ಲಿರುವಾಗ ನನ್ನ ದುಆ ಮೇಲೇರುತ್ತಿಲ್ಲ ಎಂದು ಹೇಳಿ ಸೊಸೆಯ ತವರಿಗೆ ಫೋನ್ ಮಾಡಿಸಿದರಂತೆ. ಮಗನ ಸಿಟ್ಟಿಗೆ ಅವರು ಹೆದರಲಿಲ್ಲ. ಇಂಥ ಮನೆಗಳಲ್ಲೆಲ್ಲ ಸತ್ಯ ಗೊತ್ತಿರುವ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ಅತ್ತೆಯೋ, ನಾದಿನಿಯೋ, ಓರಗಿತ್ತಿಯೋ. ಈ ಬರಹ ಅವಳಿಗೂ ಇರಲಿ.

ಮರಳಿ ಬಂದ ಮಗು ಮೊದಲ ಕೆಲವು ದಿನ ತಾಯಿಯ ಹತ್ತಿರ ಮಲಗಲಿಲ್ಲ. ನಿನ್ನ ತಾಯಿ ನಿನ್ನನ್ನು ಬೇಡವೆಂದಳು ಎಂದು ಅವಳಿಗೆ ಹನ್ನೊಂದು ತಿಂಗಳು ಹೇಳಿದ್ದರು. ಶಾಲೆಗೆ ಬಂದ ದಿನ ನನ್ನನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಟೀಚರ್, ಇವತ್ತು ಯಾರಾದರೂ ಬಂದರೆ ನನ್ನನ್ನು ಕಳಿಸುತ್ತೀರಾ?"

ಕಳಿಸುವುದಿಲ್ಲ ಎಂದೆ. ಅಂದಿನಿಂದ, ತಾಯಿಗೆ ಫೋನ್ ಮಾಡಿ ಕೇಳದೆ ನನ್ನ ತರಗತಿಯಿಂದ ಯಾವ ಮಗುವನ್ನೂ ನಡುವೆ ಕಳುಹಿಸಿಲ್ಲ. ಬಂದವರು ಅವಮಾನವಾಯಿತೆಂದು ಸಿಡುಕುತ್ತಾರೆ. ಸಿಡುಕಲಿ. ಅವರನ್ನು ಐದು ನಿಮಿಷ ಕುರ್ಚಿಯಲ್ಲಿ ಕೂರಿಸುವುದರಿಂದ ಯಾರಿಗೂ ನಷ್ಟವಿಲ್ಲ. ದೂರವಾದ ಪ್ರತಿಯೊಂದು ಮಗುವನ್ನೂ ಅಲ್ಲಾಹನು ಅದರ ಮನೆಗೆ ಸುರಕ್ಷಿತವಾಗಿ ಮರಳಿಸಲಿ. ಆಮೀನ್.