ನೋವು ನಮ್ಮದು, ಹೊಣೆ ಕಂಪನಿಯದು



ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಬಳಗದಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವವರನ್ನು ಆಗಾಗ ನೋಡುತ್ತೇನೆ. "ಏನಾಯ್ತು ಸಾರ್?" ಅಂದರೆ "ಕೀಬೋರ್ಡ್ ನೋವು, ಬಿಡಿ" ಅನ್ನುತ್ತಾರೆ. ಕಂಪನಿಗೆ ತಿಳಿಸಿದಿರಾ ಎಂದು ಕೇಳಿದರೆ "ವೀಸಾ ಮೇಲೆ ಇರೋರು ನಾವು, ಯಾಕೆ ಬೇಕು ಆ ರಗಳೆ?" ಎಂಬ ಉತ್ತರ. ಈ "ಯಾಕೆ ಬೇಕು" ಅನ್ನುವ ಮಾತು ನಮಗೆ ಬಹಳ ದುಬಾರಿಯಾಗುತ್ತಿದೆ.

ವರ್ಕರ್ಸ್ ಕಾಂಪೆನ್ಸೇಶನ್ ಎಂದರೆ ಕಾರ್ಖಾನೆಯ ಯಂತ್ರಕ್ಕೆ ಕೈ ಕೊಟ್ಟವರಿಗೆ ಮಾತ್ರ ಎಂದು ಅನೇಕರ ನಂಬಿಕೆ. ಹಾಗೇನಿಲ್ಲ. ವರ್ಷಗಟ್ಟಲೆ ಟೈಪ್ ಮಾಡಿ ಬಂದ ಕಾರ್ಪಲ್ ಟನಲ್ ತೊಂದರೆಯೂ ಕೆಲಸದಿಂದ ಬಂದದ್ದಾದರೆ ಇದರಲ್ಲಿ ಸೇರುತ್ತದೆ. ತಪ್ಪು ಯಾರದು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಚಿಕಿತ್ಸೆಯ ಖರ್ಚು ಕಂಪನಿಯ ವಿಮೆಯದು. ಕೆಲಸ ಮಾಡಲಾಗದ ದಿನಗಳು ಹೆಚ್ಚಾದರೆ, ಒಂದು ಮಿತಿಯೊಳಗೆ, ಸಂಬಳದ ಮೂರನೇ ಎರಡು ಭಾಗವೂ ಸಿಗುತ್ತದೆ. ಇದು ಸರ್ಕಾರದ ದಾನವಲ್ಲ. ಕಂಪನಿ ಕಂತು ಕಟ್ಟಿರುವ ವಿಮೆ. ಕ್ಯಾಲಿಫೋರ್ನಿಯಾದ ಕಾನೂನು ಇದಕ್ಕೆ ನಿಮ್ಮ ವೀಸಾ ನೋಡುವುದಿಲ್ಲ.

ಆದರೆ ಸುಮ್ಮನಿದ್ದವರಿಗೆ ಸಿಗುವುದೂ ಇಲ್ಲ. ಪೆಟ್ಟಾದ, ಅಥವಾ ನೋವು ಕೆಲಸದಿಂದಲೇ ಬಂದದ್ದೆಂದು ತಿಳಿದ, 30 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿ. ಒಂದು ಇ-ಮೇಲ್ ಸಾಕು, ಅದರ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಒಂದು ಕೆಲಸದ ದಿನದಲ್ಲಿ ಕಂಪನಿ ನಿಮಗೆ ಕ್ಲೇಮ್ ಫಾರಂ ಕೊಡಬೇಕು. ತುಂಬಿ ಕೊಟ್ಟರೆ, ತೀರ್ಮಾನ ಆಗುವವರೆಗೆ 10,000 ಡಾಲರ್ ತನಕ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕು. 90 ದಿನಗಳಲ್ಲಿ ತಿರಸ್ಕರಿಸದಿದ್ದರೆ ಕಾನೂನು ಸಾಮಾನ್ಯವಾಗಿ ನಿಮ್ಮ ಪರ ನಿಲ್ಲುತ್ತದೆ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ನೋಡಿ. ಟೆಕ್ಸಾಸ್‌ನಲ್ಲಂತೂ ಖಾಸಗಿ ಕಂಪನಿಗೆ ಈ ವಿಮೆ ಕಡ್ಡಾಯವೇ ಅಲ್ಲ.

ಕನ್ಸಲ್ಟಿಂಗ್ ಕಂಪನಿಗಳ ಮೂಲಕ ಬಂದವರ ಪಾಡು ಇನ್ನೂ ಕಷ್ಟ. ಇವರು ಕ್ಲೈಂಟ್ ಕಡೆ ಕೈ ತೋರಿಸುತ್ತಾರೆ, ಕ್ಲೈಂಟ್ ಇವರ ಕಡೆ. ನಿಮ್ಮ ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಮೊದಲು ಬರೆಯಿರಿ.

ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಎಚ್-1ಬಿಯವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಗಡುವು. ಮನೆ ಸಾಲ, ಮಕ್ಕಳ ಶಾಲೆ ಎಲ್ಲ ಕಣ್ಣ ಮುಂದೆ ಬರುತ್ತದೆ. ಆದರೆ ಕ್ಲೇಮ್ ಹಾಕಿದ್ದಕ್ಕೆ ಶಿಕ್ಷಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಅದನ್ನು ಪ್ರಶ್ನಿಸಲು ಕೈಯಲ್ಲಿ ಕಾಗದ ಬೇಕು. ಬಾಯಿಮಾತಿನಲ್ಲಿ ಹೇಳಿದವರ ಬಳಿ ಏನೂ ಇರುವುದಿಲ್ಲ.

ನಮ್ಮ ಕನ್ನಡ ಕೂಟಗಳಿಗೆ ಒಂದು ವಿನಂತಿ. ಯುಗಾದಿಗೂ ರಾಜ್ಯೋತ್ಸವಕ್ಕೂ ಕಲಾವಿದರನ್ನು ಕರೆಸುತ್ತೀರಿ, ಸಂತೋಷ. ವರ್ಷಕ್ಕೊಮ್ಮೆ ಒಬ್ಬ ಕಾರ್ಮಿಕ ವಕೀಲರನ್ನೂ ಕರೆಸಿ, ಒಂದು ಗಂಟೆ ಕನ್ನಡದಲ್ಲೇ ಪ್ರಶ್ನೋತ್ತರ ನಡೆಸಿ. ಕನ್ನಡಿಗರ ಹಿತ ಕಾಯುವುದೂ ಕನ್ನಡದ ಕೆಲಸವೇ ಅಲ್ಲವೇ?