ಬೆಲೆ ಬಿತ್ತು, ಸಾಲ ನಿಂತಿತು, ಊರು ಖಾಲಿಯಾಯಿತು



ಸಾಲದ ನೋಟೀಸು ಬಂದಾಗಲೆಲ್ಲ ನಮ್ಮನ್ನು ಹಂಗಿಸುವವರ ಮಾತು ಒಂದೇ. "ನಿಮ್ಮ ಹಿಡುವಳಿ ಸಣ್ಣದು. ಓದಿಲ್ಲ, ಬರೆದಿಲ್ಲ. ಮದುವೆ, ತಿಥಿ ಅಂತ ಖರ್ಚು ಮಾಡ್ತೀರಿ. ಅಮೆರಿಕದ ರೈತರನ್ನ ನೋಡಿ ಕಲೀರಿ." ಸರಿ, ನೋಡಿಯೇ ಬಿಡೋಣ. ಅವರು ತೋರಿಸಿದ ದೇಶದಲ್ಲೇ, ಗಡಿಯ ಒಂದು ಮೂಲೆಯಲ್ಲಿ, ಗೇಯ್ದು ಬದುಕಿದ ರೈತರಿಗೆ ಏನಾಯಿತು ಅನ್ನೋದನ್ನ ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತೇನೆ. ಓದಿದ ಮೇಲೆ ತೀರ್ಮಾನ ನಿಮ್ಮದು.

ಅಮೆರಿಕದ ಉತ್ತರ ತುದಿಯಲ್ಲಿ ಮೊಂಟಾನ ಅನ್ನುವ ರಾಜ್ಯವಿದೆ. ಅದರ ಈಶಾನ್ಯ ಮೂಲೆಯಲ್ಲಿ ಷೆರಿಡನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಉತ್ತರಕ್ಕೆ ಕೆನಡಾ ದೇಶ, ಪೂರ್ವಕ್ಕೆ ನಾರ್ತ್ ಡಕೋಟ ರಾಜ್ಯ. ಕೌಂಟಿಯ ಮುಖ್ಯ ಊರು ಪ್ಲೆಂಟಿವುಡ್. ಹೆಸರಿನ ಅರ್ಥ 'ಸೌದೆಗೆ ಬರವಿಲ್ಲ' ಅಂತ, ಆದರೆ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು ಬಯಲು. ಹಿಮಗಡ್ಡೆ ಜಾರಿ ಹೋದಾಗ ಉಳಿದ ತಗ್ಗುಗಳಲ್ಲಿ ನೀರು ನಿಂತು ಅಲ್ಲಲ್ಲಿ ಹೊಂಡ, ಕೆರೆಗಳು. ವರ್ಷದ ಮಳೆ ಸುಮಾರು 13 ಅಂಗುಲ, ನಮ್ಮ ಚಳ್ಳಕೆರೆ ಸೀಮೆಗಿಂತಲೂ ಕಡಿಮೆ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಬೇಸಿಗೆಯಲ್ಲೋ, ಮೊಂಟಾನದ ಇತಿಹಾಸದಲ್ಲೇ ಅತಿ ಹೆಚ್ಚಿನ ಬಿಸಿಲಲ್ಲಿ ಒಂದು ದಾಖಲಾದದ್ದು ಇದೇ ಕೌಂಟಿಯ ಮೆಡಿಸಿನ್ ಲೇಕ್‌ನಲ್ಲಿ, 1937ರಲ್ಲಿ, 47 ಡಿಗ್ರಿ. ವರ್ಷಕ್ಕೆ ಒಂದೇ ಬೆಳೆ. ಅದು ಹೋದರೆ ಮುಂದಿನ ವರ್ಷದ ತನಕ ಆಕಾಶ ನೋಡಬೇಕು.

ಈ ನೆಲ ಮೊದಲು ಯಾರದು? ರೈತರ ಪತ್ರಿಕೆ ಈ ಪ್ರಶ್ನೆ ಬಿಟ್ಟು ಮುಂದೆ ಹೋಗಬಾರದು. ಅಸಿನಿಬೋಯ್ನ್, ಸೂ ಮುಂತಾದ ಮೂಲಜನ ಕಾಡೆಮ್ಮೆಯ ಹಿಂಡುಗಳನ್ನು ನಂಬಿ ಬದುಕಿದ ಬಯಲು ಅದು. 49ನೇ ಅಕ್ಷಾಂಶವೇ ಗಡಿ ಅಂತ 1818ರಲ್ಲಿ ಬ್ರಿಟಿಷರೂ ಅಮೆರಿಕದವರೂ ಕಾಗದದ ಮೇಲೆ ಗೆರೆ ಎಳೆದರು. 1872ರಿಂದ 1874ರ ತನಕ ಅಳತೆ ಮಾಡಿ ಗುರುತು ನೆಟ್ಟರು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಅಮೆರಿಕದ ದಂಡು ಆ ಗೆರೆ ದಾಟಿ ಬರುತ್ತಿರಲಿಲ್ಲವಾದ್ದರಿಂದ ಮೂಲಜನ ಅದನ್ನು ಮಂತ್ರದ ಗೆರೆ ಎಂದು ಕರೆದರು. 1876ರ ಯುದ್ಧದ ನಂತರ ಸೂ ನಾಯಕ ಸಿಟಿಂಗ್ ಬುಲ್ ತನ್ನ ಜನರೊಂದಿಗೆ ಆ ಗೆರೆ ದಾಟಿ ಕೆನಡಾ ಸೇರಿದ. ಕಾಡೆಮ್ಮೆ ಮುಗಿದು ಹೊಟ್ಟೆಗಿಲ್ಲದೆ 1881ರ ಜುಲೈಯಲ್ಲಿ ವಾಪಸು ಬಂದು ಶರಣಾದ. 1888ರಲ್ಲಿ ಮೂಲಜನರನ್ನು ಚಿಕ್ಕ ಚಿಕ್ಕ ಮೀಸಲು ಪ್ರದೇಶಗಳಿಗೆ ಸೇರಿಸಿ, ಉಳಿದ ನೆಲವನ್ನು ಸರ್ಕಾರ ತನ್ನದು ಮಾಡಿಕೊಂಡಿತು. ಆಮೇಲೆ ಅದನ್ನೇ ಬಡ ರೈತರಿಗೆ 'ಪುಕ್ಕಟೆ ಜಮೀನು' ಎಂದು ಹಂಚಿತು. ಒಬ್ಬರ ಬಾಯಿಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಟ್ಟ ತುತ್ತು ಅದು. ಆ ತುತ್ತೂ ಅವರ ಹೊಟ್ಟೆಗೆ ಪೂರಾ ದಕ್ಕಲಿಲ್ಲ.

1909ರ ಕಾನೂನು ಒಬ್ಬನಿಗೆ 320 ಎಕರೆ ಅಂತ ಹೇಳಿತು. 1912ರಲ್ಲಿ ಮೂರು ವರ್ಷ ಉಳುಮೆ ಮಾಡಿ ನಿಂತರೆ ಜಮೀನು ಖಾತೆ ಆಗುತ್ತದೆ ಅಂದರು. ರೈಲಿಗೆ ಸಾಗಿಸಲು ಧಾನ್ಯ ಬೇಕಲ್ಲ? ಜೇಮ್ಸ್ ಹಿಲ್ ಕಟ್ಟಿದ ಗ್ರೇಟ್ ನಾರ್ದರ್ನ್ ರೈಲು ಕಂಪನಿ 'ಬನ್ನಿ, ಬಂಗಾರದಂಥ ಭೂಮಿ' ಎಂದು ಊರೂರಲ್ಲಿ ಪ್ರಚಾರ ಮಾಡಿತು. ನಾರ್ವೆಯವರು, ಡೆನ್ಮಾರ್ಕಿನವರು, ಜರ್ಮನರು, ಒಳನಾಡಿನ ಗೇಣಿದಾರರು, ಎಲ್ಲ ಬಂದರು. 1906ರಲ್ಲೇ ಡೆನ್ಮಾರ್ಕಿನವರು ಡಾಗ್ಮಾರ್ ಅಂತ ತಮ್ಮ ರಾಣಿಯ ಹೆಸರಿನ ಊರು ಕಟ್ಟಿದರು. 1913ರಲ್ಲಿ ಷೆರಿಡನ್ ಪ್ರತ್ಯೇಕ ಕೌಂಟಿಯಾಯಿತು. 1915, 1916ರಲ್ಲಿ ಒಳ್ಳೆ ಮಳೆ. ಮಹಾಯುದ್ಧದಿಂದಾಗಿ ಗೋಧಿಗೆ ಚಿನ್ನದ ಬೆಲೆ. 'ಗೋಧಿಯೇ ಯುದ್ಧ ಗೆಲ್ಲುತ್ತದೆ, ಇನ್ನಷ್ಟು ಬಿತ್ತಿ' ಅಂತ ಸರ್ಕಾರವೇ ಕರೆ ಕೊಟ್ಟಿತು. ಬ್ಯಾಂಕಿನವರು ಕರೆದು ಕರೆದು ಸಾಲ ಕೊಟ್ಟರು. ಇನ್ನಷ್ಟು ಜಮೀನು, ಇನ್ನಷ್ಟು ಯಂತ್ರ. ಹಸಿರು ಕ್ರಾಂತಿಯ ಕಾಲ ಕಂಡ ನಮ್ಮ ಹಿರಿಯರಿಗೆ ಇದು ಹೊಸ ಕಥೆಯೇನಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಪೆನ್ಸಿಲ್ ತಗೊಂಡು ಕೂತರೆ ಇನ್ನೂ ಒಳ್ಳೇದು.

ಅಲ್ಲಿ ಗೋಧಿಯ ಅಳತೆ ಬುಶೆಲ್, ಅಂದರೆ ಸುಮಾರು 27 ಕಿಲೋ. 1919ರ ಬೆಳೆಗೆ ಸರ್ಕಾರ ಖಾತ್ರಿ ಮಾಡಿದ ಬೆಲೆ ಬುಶೆಲ್‌ಗೆ 2 ಡಾಲರ್ 26 ಸೆಂಟ್. ಯುದ್ಧ ಮುಗಿಯಿತು, 1920ರಲ್ಲಿ ಖಾತ್ರಿ ತೆಗೆದರು. 1921ರ ಹೊತ್ತಿಗೆ ಬೆಲೆ ಒಂದು ಡಾಲರಿನ ಆಸುಪಾಸು. 1932ರಲ್ಲಿ ದೇಶದ ಸರಾಸರಿ ಬೆಲೆ 38 ಸೆಂಟ್. ಒಬ್ಬ ರೈತ 1919ರಲ್ಲಿ ಸಾವಿರ ಡಾಲರ್ ಸಾಲ ಮಾಡಿದ ಅಂತ ಇಟ್ಟುಕೊಳ್ಳಿ. ಆವತ್ತು ಅದನ್ನು ತೀರಿಸಲು 440 ಬುಶೆಲ್ ಚಿಲ್ಲರೆ ಗೋಧಿ ಸಾಕಿತ್ತು. 1921ರಲ್ಲಿ ಸಾವಿರ ಬುಶೆಲ್ ಬೇಕಾಯಿತು. 1932ರಲ್ಲಿ 2,600 ಬುಶೆಲ್‌ಗೂ ಹೆಚ್ಚು. ಇದು ಬರೀ ಅಸಲು, ಬಡ್ಡಿಯ ಮಾತೇ ಬೇರೆ. ಸಾಲ ಒಂದು ಕಾಸೂ ಬೆಳೆದಿಲ್ಲ, ಆದರೆ ಗೋಧಿಯಲ್ಲಿ ಅಳೆದರೆ ಆರು ಪಟ್ಟು ಆಯಿತು. ಅದೇ ಭೂಮಿ, ಅದೇ ಕೈ, ಅದೇ ಬೆವರು. ರೈತ ಸೋಮಾರಿಯಾದದ್ದು ಯಾವಾಗ, ನೀವೇ ಹೇಳಿ.

ಇದರ ಮೇಲೆ 1917ರಿಂದ ಬರ. ಮೊಂಟಾನ ರಾಜ್ಯದಲ್ಲಿ 1920ರಿಂದ 1926ರ ಒಳಗೆ ಇನ್ನೂರಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು, ಅಂದರೆ ಇದ್ದುದರಲ್ಲಿ ಹತ್ತಿರ ಹತ್ತಿರ ಅರ್ಧ. ಸಾಲ ಮಾಡದೆ ಜೋಪಾನವಾಗಿ ಕೂಡಿಟ್ಟವನ ಗಂಟೂ ಅದರೊಂದಿಗೆ ಮುಳುಗಿತು. ಆ ಹತ್ತು ವರ್ಷದಲ್ಲಿ ಇಡೀ ಅಮೆರಿಕದಲ್ಲಿ ಜನಸಂಖ್ಯೆ ಕಡಿಮೆಯಾದ ರಾಜ್ಯ ಅದೊಂದೇ.

ಅಲ್ಲಿನ ರೈತರು ಕೈಕಟ್ಟಿ ಕೂರಲಿಲ್ಲ. ಪಕ್ಕದ ನಾರ್ತ್ ಡಕೋಟದಲ್ಲಿ ಅಗಸೆ ಬೆಳೆದು ದಿವಾಳಿಯಾಗಿದ್ದ ಟೌನ್ಲಿ ಎಂಬ ರೈತ 1915ರಲ್ಲಿ ನಾನ್‌ಪಾರ್ಟಿಸನ್ ಲೀಗ್, ಅಂದರೆ ಪಕ್ಷಾತೀತ ಸಂಘ, ಶುರು ಮಾಡಿದ. ಫೋರ್ಡ್ ಕಾರುಗಳಲ್ಲಿ ಮನೆ ಮನೆಗೆ ಹೋಗಿ ಸದಸ್ಯರನ್ನು ಮಾಡಿದರು. ರೈತರ ದೂರು ನಮಗೆ ಗೊತ್ತಿರುವಂಥದೇ: ಎಲಿವೇಟರ್ ಎಂದು ಕರೆಯುವ ಎತ್ತರದ ಕಣಜದ ಮಾಲೀಕ ತೂಕದಲ್ಲಿ ಹೊಡೆಯುತ್ತಾನೆ, ಒಳ್ಳೆ ಮಾಲಿಗೆ ಕೆಳದರ್ಜೆ ಹಾಕುತ್ತಾನೆ, ಬೆಲೆ ದೂರದ ಮಿನಿಯಾಪೊಲಿಸ್ ಪಟ್ಟಣದಲ್ಲಿ ನಿಗದಿಯಾಗುತ್ತದೆ. 1916ರಲ್ಲಿ ಸಂಘ ಒಬ್ಬ ರೈತನನ್ನೇ ರಾಜ್ಯಪಾಲನಾಗಿ ಗೆಲ್ಲಿಸಿತು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ. 1919ರಲ್ಲಿ 20 ಲಕ್ಷ ಡಾಲರ್ ಬಂಡವಾಳ ಹಾಕಿ ರಾಜ್ಯದ್ದೇ ಬ್ಯಾಂಕ್ ಕಟ್ಟಿದರು. 1922ರಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಊರಿನಲ್ಲಿ ರಾಜ್ಯದ್ದೇ ಹಿಟ್ಟಿನ ಗಿರಣಿ ಮತ್ತು ಕಣಜ. ಗಮನಿಸಿ, ಸಂಘದ ಹೆಸರು ಹೇಳುವವರೇ ಕಡಿಮೆಯಾದರೂ ಬ್ಯಾಂಕೂ ಗಿರಣಿಯೂ ಇವತ್ತಿಗೂ ನಡೆಯುತ್ತಿವೆ.

ಈ ಗಾಳಿ ಗಡಿ ದಾಟಿ ಷೆರಿಡನ್ ಕೌಂಟಿಗೂ ಬೀಸಿತು. 1918ರಲ್ಲಿ ಪ್ಲೆಂಟಿವುಡ್‌ನಲ್ಲಿ 'ಪ್ರೊಡ್ಯೂಸರ್ಸ್ ನ್ಯೂಸ್' ಅಂತ ರೈತರ ಪತ್ರಿಕೆ ಹುಟ್ಟಿತು. ಸಂಪಾದಕ ಚಾರ್ಲ್ಸ್ ಟೇಲರ್. ಬ್ಯಾಂಕಿನವರು, ಕಣಜದವರು, ಪಟ್ಟಣದ ದೊಡ್ಡ ಮನುಷ್ಯರು, ಯಾರನ್ನೂ ಬಿಡದೆ ಹೆಸರು ಹಿಡಿದು ಬರೆದ. 1922ರಲ್ಲಿ ರೈತ-ಕಾರ್ಮಿಕ ಪಕ್ಷದಿಂದ ಅವನೇ ರಾಜ್ಯದ ಮೇಲ್ಮನೆಗೆ ಆರಿಸಿ ಹೋದ. ಕೌಂಟಿಯ ಪೊಲೀಸ್ ಅಧಿಕಾರ ಇರುವ ಷೆರೀಫ್ ಹುದ್ದೆಯೂ ಅವನ ಸಂಗಾತಿ ರಾಡ್ನಿ ಸಾಲಿಸ್‌ಬರಿಯ ಕೈಗೆ ಬಂತು. ಜಪ್ತಿ ಮಾಡಲು ಹೊರಡಬೇಕಾದ ಅಧಿಕಾರಿಯೇ ರೈತರ ಕಡೆಯವನು! ಇದಕ್ಕಿಂತ ದೊಡ್ಡ ಗೆಲುವು ಯಾವ ರೈತ ಚಳವಳಿಗೆ ಬೇಕು?

ಆದರೂ ಅದು ಉಳಿಯಲಿಲ್ಲ. ಯಾಕೆ ಅನ್ನೋದನ್ನ ನಾವು ಕಿವಿಗೊಟ್ಟು ಕೇಳಬೇಕು. 1926ರಲ್ಲಿ ಕೌಂಟಿಯ ಖಜಾನೆ ದರೋಡೆಯಾಯಿತು. ಹೋದದ್ದು ಲಕ್ಷ ಡಾಲರಿಗೂ ಮಿಕ್ಕಿ. ಮಾಡಿದವರು ಯಾರು ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಆದರೆ ಅನುಮಾನ ಅಧಿಕಾರದಲ್ಲಿದ್ದ ಚಳವಳಿಯ ನಾಯಕರ ಮೇಲೆ ಬಿತ್ತು, 1928ರ ಚುನಾವಣೆಯಲ್ಲಿ ಸೋತರು. ಆಮೇಲೆ ಬಹಿರಂಗವಾಗಿ ಕಮ್ಯುನಿಸ್ಟ್ ಪಕ್ಷದ ಬಾವುಟ ಹಿಡಿದರು. ಗೋಧಿಯ ಬೆಲೆ, ಜಪ್ತಿಯ ಮಾತು ಹಿಂದೆ ಸರಿದು ದೂರದ ದೇಶದ ಸಿದ್ಧಾಂತದ ಜಗಳ ಪತ್ರಿಕೆಯ ತುಂಬ ಬಂತು. 1932ರಲ್ಲಿ ನಾಯಕನ ಮನೆಯ ಒಂದು ಸಾವಿನಲ್ಲಿ ಪ್ರಾರ್ಥನೆಯ ಬದಲು ಪಕ್ಷದ ಬಾವುಟ, ಪಕ್ಷದ ಭಾಷಣ ನಡೆದಾಗ, ಅದುವರೆಗೂ ಜೊತೆಗಿದ್ದ ಎಷ್ಟೋ ಕುಟುಂಬಗಳು ಮೆಲ್ಲಗೆ ದೂರ ಸರಿದವು. 1933ರಿಂದ ಸರ್ಕಾರದ ಪರಿಹಾರ ಬರತೊಡಗಿತು. 1937ರಲ್ಲಿ ಪತ್ರಿಕೆ ನಿಂತಿತು.

ನಾನು ಹೇಳುವುದಿಷ್ಟೆ: ನಾಯಕನ ಬಾಯಿ ನಂಬಿದ ಚಳವಳಿ ನಾಯಕನ ಜೊತೆಗೇ ಮುಗಿಯುತ್ತದೆ. ಲೆಕ್ಕ ಬರೆದಿಟ್ಟ ಸಂಸ್ಥೆ ಉಳಿಯುತ್ತದೆ. ನಾರ್ತ್ ಡಕೋಟದ ನಾಯಕರೂ ಸೋತರು. 1921ರಲ್ಲಿ ಅವರ ರಾಜ್ಯಪಾಲನನ್ನು ಜನರೇ ಓಟು ಹಾಕಿ ವಾಪಸು ಕರೆಸಿದರು. ಆದರೆ ಬ್ಯಾಂಕ್ ಉಳಿಯಿತು. ಷೆರಿಡನ್‌ನಲ್ಲಿ ಉಳಿಯುವಂಥದ್ದನ್ನು ಚಳವಳಿ ಕಟ್ಟಲಿಲ್ಲ.

ಇವತ್ತು ಆ ಕೌಂಟಿ ಹೇಗಿದೆ? 1930ರಲ್ಲಿ ಸುಮಾರು 9,800 ಜನ ಇದ್ದರು. 2020ರ ಜನಗಣತಿಯಲ್ಲಿ 3,539. ನಮ್ಮ ಒಂದು ಗ್ರಾಮ ಪಂಚಾಯ್ತಿಯಷ್ಟೂ ಇಲ್ಲ, ವಿಸ್ತೀರ್ಣ ಮಾತ್ರ 1,700 ಚದರ ಮೈಲಿ. ಸಾಲ ಒಂದೇ ಕಾರಣ ಅಂತ ನಾನು ಹೇಳೋದಿಲ್ಲ. ಯಂತ್ರ ಬಂತು, ನಾಲ್ಕು ಮನೆಯ ಜಮೀನು ಒಂದೇ ಮನೆಗೆ ಸೇರಿತು, ಮಕ್ಕಳು ಪಟ್ಟಣ ಹಿಡಿದರು. ಉಳಿದವರಿಗೆ ಸಾವಿರಾರು ಎಕರೆ, ಬೆಳೆ ವಿಮೆ, ಸರ್ಕಾರದ ಸಹಾಯಧನ ಎಲ್ಲ ಇದೆ. ಆದರೂ ಊರು ತುಂಬಲಿಲ್ಲ. ಹಿಡುವಳಿ ದೊಡ್ಡದಾದರೆ ರೈತ ಉದ್ಧಾರವಾಗುತ್ತಾನೆ ಅನ್ನುವವರಿಗೆ ಇಷ್ಟೇ ಉತ್ತರ ಸಾಕು. ಜಮೀನು ಉಳಿದೀತು, ಒಕ್ಕಲು ಉಳಿಯೋದಿಲ್ಲ.

ಕೊನೆಗೆ, ನಮಗೂ ಅವರಿಗೂ ಇರುವ ನಂಟು. ಈಗ ಆ ಬಯಲಲ್ಲಿ ಗೋಧಿಯ ಜೊತೆಗೆ ಬಟಾಣಿ, ಮಸೂರ ಬೇಳೆ ಬೆಳೆಯುತ್ತಾರೆ. ಅದಕ್ಕೆ ದೊಡ್ಡ ಗಿರಾಕಿ ನಮ್ಮ ದೇಶ. 2016-17ರಲ್ಲಿ ನಮ್ಮಲ್ಲಿ ತೊಗರಿ ಹುಲುಸಾಗಿ ಬಂತು. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿತ್ತು, ಕಲಬುರಗಿ, ಬೀದರಿನ ಮಂಡಿಯಲ್ಲಿ ಅದಕ್ಕಿಂತ ಕೆಳಗೆ ಮಾರಾಟವಾಯಿತು. ಆ ಮೇಲೆ ದಿಲ್ಲಿಗೆ ಎಚ್ಚರವಾಗಿ 2017ರ ನವೆಂಬರಿನಲ್ಲಿ ಬಟಾಣಿಗೆ ಶೇಕಡ 50, ಡಿಸೆಂಬರಿನಲ್ಲಿ ಮಸೂರಕ್ಕೆ ಶೇಕಡ 30 ಆಮದು ಸುಂಕ ಹಾಕಿದರು. ನಮ್ಮ ರೈತ ಆಗಲೇ ತೊಗರಿ ಮಾರಿ ಕೈ ತೊಳೆದುಕೊಂಡಿದ್ದ. ಅತ್ತ ಮೊಂಟಾನದ ರೈತನಿಗೆ ಬೆಲೆ ಬಿತ್ತು. 2023ರ ಡಿಸೆಂಬರಿನಲ್ಲಿ ಹಳದಿ ಬಟಾಣಿಗೆ ಸುಂಕವೇ ಇಲ್ಲ ಅಂದರು. ಆಗ ಪೆಟ್ಟು ಬಿದ್ದದ್ದು ಇತ್ತ. ಎರಡು ಕಡೆಯೂ ಬಿತ್ತಿದವನನ್ನು ಕೇಳಿದವರಿಲ್ಲ. ಅಲ್ಲಿನ ರೈತ ನಮ್ಮ ಶತ್ರು ಅಂತ ನಮಗೆ, ನಾವು ಶತ್ರು ಅಂತ ಅವನಿಗೆ ಹೇಳಿಕೊಡುವವರು ಬಹಳ ಮಂದಿ. ತಕ್ಕಡಿ ಹಿಡಿದವನು ಮೂರನೆಯವನು ಅನ್ನೋದನ್ನ ಮರೆಯಬೇಡಿ.

ಹಾಗಾದರೆ ನಾವು ಕೇಳಬೇಕಾದ್ದೇನು? ಒಂದು, ಆಮದು ಸುಂಕದ ತೀರ್ಮಾನ ಬಿತ್ತನೆಗೆ ಮುಂಚೆ ಆಗಬೇಕು, ಸುಗ್ಗಿ ಮುಗಿಯುವ ತನಕ ಅದನ್ನು ಬದಲಿಸಕೂಡದು. ಎರಡು, ಬೆಲೆ ಬಿದ್ದ ವರ್ಷ ಸಾಲವನ್ನು ಮಾಲಿನಲ್ಲಿ ಅಳೆದು ನೋಡಿ, ವಸೂಲಿ ನಿಲ್ಲಿಸಬೇಕು. ಮೂರನೆಯದು ಸರ್ಕಾರಕ್ಕಲ್ಲ, ನಮಗೆ. ನಿಮ್ಮೂರ ಸಹಕಾರ ಸಂಘದ ವಾರ್ಷಿಕ ಸಭೆಗೆ ಹೋಗಿ. ಜಮಾ-ಖರ್ಚು ಓದಿಸಿ ಕೇಳಿ. ರೈತ ಸಂಘಟನೆಗೆ ಚಂದಾ ಕೊಟ್ಟರೆ ರಸೀದಿ ಪಡೆಯಿರಿ, ಅದರ ಲೆಕ್ಕವನ್ನೂ ಕೇಳಿ. ಬರೆಯುವ ನಮ್ಮಂಥವರನ್ನೂ ಬಿಡಬೇಡಿ. ಲೆಕ್ಕ ಕೇಳುವ ರೈತನಿಗೆ ಮಾತ್ರ ಬೆಲೆ ಕೇಳುವ ಬಾಯಿ ಇರುತ್ತದೆ.