ಮುಸುಕಿನ ಜೋಳದ ಋಣ

ಮುಂಗಾರು ಹಿಡಿದ ಮೇಲೆ ಹಾಸನದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಹೊರಟರೆ ದಾರಿಯ ಇಕ್ಕೆಲಗಳಲ್ಲಿ ಮುಸುಕಿನ ಜೋಳ ಕಾಣುತ್ತದೆ. ಅಂಗಮಾರಿ ರೋಗದಿಂದ ಸೋತು ಆಲೂಗೆಡ್ಡೆಯನ್ನು ಕೈಬಿಟ್ಟ ಎಷ್ಟೋ ರೈತರು ಇದಕ್ಕೆ ಹೊರಳಿದ್ದಾರೆ. ಈ ಜೋಳವನ್ನು ನಮಗೆ ಕೊಟ್ಟವರು ಯಾರೆಂದರೆ, 'ಪೋರ್ಚುಗೀಸರು' ಎಂಬ ಸಿದ್ಧ ಉತ್ತರ ದೊರೆಯುತ್ತದೆ. ತಂದವರು ಅವರೇ ಇರಬಹುದು. ಹೊತ್ತು ತಂದವನು ಕೊಟ್ಟವನಾಗುವುದು ಹೇಗೆ?

ಮೆಕ್ಸಿಕೋದ ಮೂಲನಿವಾಸಿಗಳು ಕಾಡುಹುಲ್ಲೊಂದನ್ನು ಸಾವಿರಾರು ವರ್ಷ ಆರಿಸಿ ಆರಿಸಿ ಬಿತ್ತಿ ಈ ತೆನೆಯನ್ನು ರೂಪಿಸಿದರು. ನಾವು ಸಂತೆಯಲ್ಲಿ ಕೊಳ್ಳುವ ಟೊಮೇಟೊ ಕೂಡ ಅಲ್ಲಿಯದೇ. ಆ ಹೆಸರೂ ಅಜ್ಟೆಕರ ನಾಹುವಾತ್ಲ್ ನುಡಿಯಿಂದ ಬಂದುದು. 1521ರ ಆಗಸ್ಟ್ 13ರಂದು ಅವರ ರಾಜಧಾನಿ ತೆನೋಚ್ತಿತ್ಲಾನ್ ಸ್ಪೇನಿನವರ ವಶವಾಯಿತು. ಅದಕ್ಕೆ ಮುನ್ನವೇ, 1520ರಲ್ಲಿ, ಸಿಡುಬು ಹೊಕ್ಕಿತ್ತು. 1545 ಮತ್ತು 1576ರಲ್ಲಿ ಬೇರೆ ಮಹಾಮಾರಿಗಳೆರಗಿದವು. ಒಂದು ಶತಮಾನದೊಳಗೆ ಆ ಜನರಲ್ಲಿ ಬಹುಪಾಲು ಅಳಿದರು. ಉಳಿದವರನ್ನು ಊರುಸಮೇತ ಸ್ಪೇನಿನ ದಣಿಗಳಿಗೆ ಹಂಚಿಕೊಟ್ಟು ಕಪ್ಪವನ್ನೂ ಬಿಟ್ಟಿದುಡಿಮೆಯನ್ನೂ ಸುಲಿಯಲಾಯಿತು.

ಬೀಜವೇನೋ ಹಡಗೇರಿತು, ಬೆಳೆದವರ ತಿಳಿವಳಿಕೆ ಅಲ್ಲಿಯೇ ಉಳಿಯಿತು. ಅಲ್ಲಿನ ಹೆಂಗಸರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಿದ್ದರು. ಇದರಿಂದ ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಇದನ್ನು ಕಲಿಯದೆ ಜೋಳವನ್ನೇ ನೆಚ್ಚಿದ ಯುರೋಪಿನ ಬಡವರು ಪೆಲಾಗ್ರ ರೋಗದಿಂದ ಚರ್ಮ ಒಡೆದು, ಬುದ್ಧಿ ಭ್ರಮಿಸಿ ಸತ್ತರು. 1735ರಲ್ಲಿ ವೈದ್ಯ ಗಾಸ್ಪರ್ ಕಸಾಲ್ ಆ ರೋಗವನ್ನು ಗುರುತಿಸಿದ್ದು ಸಾಕ್ಷಾತ್ ಸ್ಪೇನಿನಲ್ಲಿಯೇ!

ಹೊತ್ತವನಿಗೇ ಕೀರ್ತಿ ಸಲ್ಲಿಸುವ ಈ ಚಾಳಿ ನಮ್ಮ ಧರ್ಮಸಭೆಯೊಳಗೂ ಇದೆ. 'ಏನೇ ಆಗಲಿ, ಆ ದಂಡಯಾತ್ರೆಯಿಂದಲೇ ಅಲ್ಲಿಗೆ ಶುಭಸಂದೇಶ ತಲುಪಿತು. ಮೂಲನಿವಾಸಿಗಳ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಕೂಡದೆಂದು 1537ರಲ್ಲಿ ಪೋಪ್ ಮೂರನೆಯ ಪೌಲರು ಸಾರಿದರಲ್ಲ' ಎಂದು ವಾದಿಸುವವರಿದ್ದಾರೆ. ಸಾರಿದ್ದು ನಿಜ. ಬಿಟ್ಟಿದುಡಿಮೆ ಮಾತ್ರ ನಿಲ್ಲಲಿಲ್ಲ. ಎರಡೇ ವರ್ಷಗಳಲ್ಲಿ, 1539ರಲ್ಲಿ, ದೀಕ್ಷಾಸ್ನಾನ ಪಡೆದಿದ್ದ ತೆಶ್ಕೊಕೊದ ನಾಯಕ ಡಾನ್ ಕಾರ್ಲೊಸನನ್ನು ಬಿಷಪ್ ಸುಮಾರಾಗರ ಧರ್ಮವಿಚಾರಣೆಯ ತೀರ್ಪಿನ ಮೇರೆಗೆ ಕೊಂದು ಸುಡಲಾಯಿತು. ಬಲವಂತಕ್ಕೆ ಇದಕ್ಕಿಂತ ಬೇರೆ ಹೆಸರಿದೆಯೇ? 2015ರಲ್ಲಿ ಬೊಲಿವಿಯಾದಲ್ಲಿ ನಿಂತು ಪೋಪ್ ಫ್ರಾನ್ಸಿಸ್ ಆ ಅಪರಾಧಗಳಿಗಾಗಿ ಕ್ಷಮೆ ಯಾಚಿಸಿದರು. ಅವರು ಬೇಡಿದ ಕ್ಷಮೆಗೆ ಕಾರಣವೇ ಇರಲಿಲ್ಲವೆಂಬಂತೆ ನಾವೇಕೆ ವಕಾಲತ್ತು ವಹಿಸಬೇಕು? ಧರ್ಮೋಪದೇಶದ ತರಗತಿಗಳಲ್ಲಿ 1537ನ್ನು ಹೇಳಿಕೊಡುವವರು 1539ನ್ನೂ ಹೇಳಿಕೊಡಲಿ. ಹೊಳೆನರಸೀಪುರದ ರೈತನ ಮಗನಿಗೆ ಅದು ಅರ್ಥವಾಗದ ಸಂಗತಿಯೇನಲ್ಲ.